ಮರ ತೆಗೆದದ್ದು ಉಪಗ್ರಹಕ್ಕೆ ಕಂಡರೆ ನನ್ನ ಕಾಫಿ ವಾಪಸ್ ಬರುತ್ತಾ?

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನಲ್ಲಿ ನಮ್ಮದು ಸಣ್ಣ ತೋಟ. ಪಹಣಿ ಇರುವುದು ಹತ್ತು ಎಕರೆಗೆ. ಅದರಲ್ಲಿ ಎಂಟೂವರೆ ಎಕರೆ ಕಾಫಿ, ಮೇಲ್ಭಾಗದ ಒಂದೂವರೆ ಎಕರೆ ಕಾನು, ಅಂದರೆ ಕಾಫಿ ಹಾಕದೆ ಬಿಟ್ಟ ಕಾಡು. ಪಕ್ಕದಲ್ಲೇ ಎರಡು ಎಕರೆ ಒತ್ತುವರಿ ಇದೆ, 1980ರ ದಶಕದಲ್ಲಿ ನಮ್ಮ ತಂದೆಯವರು ಗಿಡ ಹಾಕಿದ್ದು. 2019ರ ಆಗಸ್ಟ್ ಮಳೆಯಲ್ಲಿ ಹಲವು ಮರ ಬಿದ್ದವು. 2022ರಲ್ಲಿ ಪರ್ಮಿಷನ್ ತಗೊಂಡು ಇನ್ನೂ ಮೂವತ್ತು ಚಿಲ್ಲರೆ ಮರ ತೆಗೆಸಿ ಸಿಲ್ವರ್ ಓಕ್ ಹಾಕಿಸಿದೆ. ಮೊನ್ನೆ ಕಾಫಿ ಕೊಳ್ಳುವ ಏಜೆಂಟ್ ಕಡೆಯ ಹುಡುಗ ಬಂದು, ಮೊಬೈಲ್‌ನಲ್ಲಿ ತೋಟದ ಗುರುತು ಹಾಕಬೇಕು ಅಂದ. ಯುರೋಪಿನವರು ಉಪಗ್ರಹದಲ್ಲಿ ನೋಡುತ್ತಾರಂತೆ, 2020ರ ನಂತರ ಮರ ಕಡಿದಿದ್ದರೆ ಕಾಫಿ ವಾಪಸ್ಸಂತೆ, ಇಡೀ ಊರೇ ಬ್ಲ್ಯಾಕ್‌ಲಿಸ್ಟಂತೆ. ವಾಟ್ಸಾಪ್‌ನಲ್ಲಿ ಬರುವುದು ಇನ್ನೊಂದು: ಗುರುತು ಹಾಕಿಸಿದರೆ ಒತ್ತುವರಿ ಜಮೀನು ಹೋಯಿತು ಅಂತ. ಬೆಂಗಳೂರಿನಲ್ಲಿರುವ ಮಗ ತೋಟದ ನಾಲ್ಕು ಬೀಟೆ ಮರಗಳ ಬಗ್ಗೆ ಬೇರೆಯೇ ಕಾನೂನು ಹೇಳುತ್ತಾನೆ. ಗುರುತು ಹಾಕಿಸಲೋ ಬೇಡವೋ? ಒತ್ತುವರಿ ಎರಡು ಎಕರೆ ಬಿಟ್ಟು ಹಾಕಿಸಿದರೆ ಆಗುತ್ತಾ? ಅಂದ ಹಾಗೆ, ಈ ವರ್ಷ ಕಾನಿನ ಕೆಳಗಿಡ ಸವರಿಸಿ ರೋಬಸ್ಟಾ ಕಾಫಿ ಹಾಕೋಣ ಅಂತಿದ್ದೇನೆ. ಮರ ಒಂದನ್ನೂ ಕಡಿಯುವುದಿಲ್ಲ. ಅದಕ್ಕೇನೂ ತೊಂದರೆ ಇಲ್ಲ ತಾನೆ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ನಿದ್ದೆಗೆಟ್ಟಿರುವುದು 2022ರಲ್ಲಿ ತೆಗೆಸಿದ ಮರಗಳ ಬಗ್ಗೆ. ಅದಕ್ಕೆ ನಿದ್ದೆಗೆಡಬೇಕಾಗಿಲ್ಲ. ಕೊನೆಯಲ್ಲಿ "ಅಂದ ಹಾಗೆ" ಅಂತ ಒಂದು ಮಾತು ಸೇರಿಸಿದ್ದೀರಲ್ಲ, ಇಡೀ ಪತ್ರದಲ್ಲಿ ನಿಜವಾಗಿ ಅಪಾಯ ಇರುವುದು ಅಲ್ಲಿ. ಕಾನಿಗೆ ಕತ್ತಿ ಹಾಕಿಸುವ ಮೊದಲು ಇದನ್ನು ಪೂರ್ತಿ ಓದಿ.

ಏಜೆಂಟ್ ಹುಡುಗ ಹೇಳಿದ ಕಾನೂನು ಇರುವುದು ನಿಜ. ಯುರೋಪಿಯನ್ ಒಕ್ಕೂಟ 2023ರಲ್ಲಿ ಮಾಡಿದ ಅರಣ್ಯನಾಶ ತಡೆ ನಿಯಮ ಅದು. ಕಾಫಿ ವ್ಯಾಪಾರದವರು ಇಯುಡಿಆರ್ ಅನ್ನುತ್ತಾರೆ. ಏಳು ಸರಕುಗಳಿಗೆ ಅನ್ವಯ: ಕಾಫಿ, ಕೋಕೋ, ಸೋಯಾ, ತಾಳೆ ಎಣ್ಣೆ, ರಬ್ಬರ್, ಮರ, ದನ. ಇವು ಮತ್ತು ಇವುಗಳಿಂದ ಮಾಡಿದ ಹಲವು ಪದಾರ್ಥಗಳು ಯುರೋಪಿನ ಮಾರುಕಟ್ಟೆಗೆ ಹೋಗಬೇಕಾದರೆ ಮೂರು ಷರತ್ತು. ಒಂದು, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ ನೆಲದಲ್ಲಿ ಬೆಳೆದಿರಬಾರದು. ಎರಡು, ಬೆಳೆದ ದೇಶದ ಕಾನೂನಿಗೆ ಸರಿಯಾಗಿ ಬೆಳೆದಿರಬೇಕು. ಮೂರು, ಇವೆರಡನ್ನೂ ಪರಿಶೀಲಿಸಿದ್ದೇವೆ ಅಂತ ಆಮದುದಾರ ಬರೆದುಕೊಡಬೇಕು, ಬೆಳೆದ ಜಾಗದ ಅಕ್ಷಾಂಶ ರೇಖಾಂಶ ಸಮೇತ.

ಇದು ಜಾರಿಯಾಗಬೇಕಿದ್ದದ್ದು 2024ರ ಕೊನೆಗೆ. ಒಂದು ವರ್ಷ ಮುಂದೆ ಹೋಯಿತು, ಆಮೇಲೆ ಇನ್ನೊಂದು ವರ್ಷ. ಈಗಿನ ಲೆಕ್ಕದಲ್ಲಿ ದೊಡ್ಡ ಮತ್ತು ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ 30, ಸಣ್ಣವರಿಗೆ 2027ರ ಜೂನ್ 30. ಇದನ್ನು ನೋಡಿ ನಿಮ್ಮೂರಿನಲ್ಲಿ ಯಾರಾದರೂ "ಅಯ್ಯೋ ಬಿಡ್ರಿ, ಇನ್ನೂ ಮುಂದೆ ಹೋಗುತ್ತೆ" ಅನ್ನಬಹುದು. ಹೋದರೂ ಹೋಗಬಹುದು. ಆದರೆ ಎರಡು ಸಲ ದಿನಾಂಕ ಬದಲಾದಾಗಲೂ ಆ 2020ರ ಡಿಸೆಂಬರ್ 31 ಮಾತ್ರ ಅಲ್ಲಾಡಲಿಲ್ಲ. ನಿಮ್ಮ ತೋಟದ ಲೆಕ್ಕ ಶುರುವಾಗುವುದೇ ಆ ದಿನದಿಂದ.

ಇನ್ನು ನಿಮ್ಮ ಮೂವತ್ತು ಮರಗಳ ವಿಷಯಕ್ಕೆ ಬರೋಣ.

ಈ ನಿಯಮದ ಪ್ರಕಾರ ಕಾಡು ಅಂದರೆ ಅರ್ಧ ಹೆಕ್ಟೇರಿಗಿಂತ ದೊಡ್ಡ ಜಾಗ, ಐದು ಮೀಟರಿಗಿಂತ ಎತ್ತರದ ಮರಗಳು, ನೆಲದ ಶೇ 10ಕ್ಕಿಂತ ಜಾಸ್ತಿ ಮುಚ್ಚುವ ಮರದ ಚಪ್ಪರ. ಈ ಅಳತೆ ಕೋಲು ಹಿಡಿದು ಹೊರಟರೆ ಮಲೆನಾಡಿನ ಪ್ರತಿ ಕಾಫಿ ತೋಟವೂ ಕಾಡೇ ಆಗಿಬಿಡುತ್ತದೆ, ಅಲ್ವಾ? ಅದಕ್ಕೇ ಅಲ್ಲೇ ಇನ್ನೊಂದು ಮಾತು ಸೇರಿಸಿದ್ದಾರೆ. ಮುಖ್ಯವಾಗಿ ಕೃಷಿಗೆ ಬಳಸುವ ನೆಲ ಕಾಡಲ್ಲ. ಮರದ ನೆರಳಲ್ಲಿ ಬೆಳೆ ಬೆಳೆಯುವ ಪದ್ಧತಿಯೂ ಕೃಷಿಯೇ. ಅಂದರೆ ನಿಮ್ಮ ಎಂಟೂವರೆ ಎಕರೆ 2020ರ ಕೊನೆಯಲ್ಲಿ ಕಾಫಿ ತೋಟವಾಗಿದ್ದರೆ ಅದು ಕಾಡಲ್ಲ. ಕಾಡೇ ಅಲ್ಲದ ಕಡೆ ಮೂವತ್ತಲ್ಲ, ಮುನ್ನೂರು ಮರ ತೆಗೆದರೂ ಈ ನಿಯಮದ ಲೆಕ್ಕದಲ್ಲಿ ಅರಣ್ಯನಾಶ ಆಗುವುದಿಲ್ಲ. ಮಳೆಗೆ ಬಿದ್ದದ್ದಂತೂ ಆಗುವುದೇ ಇಲ್ಲ.

ಹಾಗಾದರೆ ಹುಡುಗ ಹೆದರಿಸಿದ್ದು ಸುಮ್ನೇನಾ? ಪೂರ್ತಿ ಸುಮ್ನೆ ಅಲ್ಲ. ತೊಂದರೆ ಇರುವುದು ನಕ್ಷೆಯಲ್ಲಿ.

ಯುರೋಪಿನ ವಿಜ್ಞಾನ ವಿಭಾಗದವರು 2020ರಲ್ಲಿ ಜಗತ್ತಿನಲ್ಲಿ ಎಲ್ಲೆಲ್ಲಿ ಕಾಡಿತ್ತು ಅಂತ ಒಂದು ನಕ್ಷೆ ಮಾಡಿಟ್ಟಿದ್ದಾರೆ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಚೌಕಗಳು. ಮೇಲಿಂದ ನೋಡುವ ಉಪಗ್ರಹಕ್ಕೆ ಕಾಣುವುದು ನಂದಿ, ಮತ್ತಿ, ಹಲಸಿನ ನೆತ್ತಿ. ಕೆಳಗೆ ಕಾಫಿ ಗಿಡ ಇದೆಯೋ ಕುರುಚಲು ಇದೆಯೋ ಅದಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ಒಳ್ಳೇ ನೆರಳಿರುವ ತೋಟ ಆ ನಕ್ಷೆಯಲ್ಲಿ ಹಸಿರಾಗಿ, ಕಾಡು ಅಂತಲೇ ಬರುವ ಸಂಭವ ಜಾಸ್ತಿ. ಆಮೇಲೆ 2022ರಲ್ಲಿ ನೀವು ನೆರಳು ತೆಳ್ಳಗೆ ಮಾಡಿಸಿದಿರಿ. ಎರಡು ಚಿತ್ರ ಪಕ್ಕ ಪಕ್ಕ ಇಟ್ಟರೆ ಕಂಪ್ಯೂಟರ್ ಹೇಳುವುದು ಒಂದೇ: ಇಲ್ಲಿ ಕಾಡಿತ್ತು, ಈಗ ಇಲ್ಲ.

ನಾನು ಸರ್ಟಿಫಿಕೇಶನ್ ಆಡಿಟ್ ಕೆಲಸದಲ್ಲಿ ಇಪ್ಪತ್ತು ವರ್ಷ ತೋಟ ಸುತ್ತಿದವನು. ಸಕಲೇಶಪುರದ ಕಡೆ ಒಂದು ತೋಟಕ್ಕೆ ಹೀಗೇ ಕೆಂಪು ಗುರುತು ಬಿದ್ದು, ನೋಡಿಕೊಂಡು ಬನ್ನಿ ಅಂತ ನನ್ನನ್ನು ಕಳಿಸಿದ್ದರು. ಹೋಗಿ ನೋಡಿದರೆ ಒಂದು ಮರವೂ ಹೋಗಿರಲಿಲ್ಲ. ಮಳೆಗೆ ಮುಂಚೆ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕತ್ತರಿಸುವ ಕೆಲಸ, ಮಾಡಿಸಿದ್ದರು, ಅಷ್ಟೇ. ಹಾಲುವಾಣದ ಮರಗಳು ಕೈ ಕತ್ತರಿಸಿದ ಹಾಗೆ ಬೋಳಾಗಿ ನಿಂತಿದ್ದವು, ತುದಿಯಲ್ಲಿ ಆಗಲೇ ಹೊಸ ಚಿಗುರು. ತೋಟದವರು ನನ್ನನ್ನು ನೋಡಿ ನಗಬೇಕೋ ಬೈಯಬೇಕೋ ಗೊತ್ತಾಗದೆ ಕಾಫಿ ಕೊಟ್ಟರು. ಇನ್ನೊಂದು ಕಡೆ ಡಿಸೆಂಬರ್ ಚಿತ್ರವನ್ನೂ ಮಾರ್ಚ್ ಚಿತ್ರವನ್ನೂ ಹೋಲಿಸಿಬಿಟ್ಟಿದ್ದರು. ಬೇಸಿಗೆಗೆ ಎಲೆ ಉದುರಿಸಿದ ಮರಗಳೆಲ್ಲ ಲೆಕ್ಕದಲ್ಲಿ "ಕಡಿದ ಮರ" ಆಗಿದ್ದವು. ಮಳೆಗಾಲದ ಚಿತ್ರ ಬೇಕು ಅಂದರೆ ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಣುವುದು ಬರೀ ಮೋಡ.

ಒಳ್ಳೆಯ ಸುದ್ದಿ ಅಂದರೆ ಆ ನಕ್ಷೆಗೆ ಕಾನೂನಿನ ಬಲ ಇಲ್ಲ. ನಕ್ಷೆ ಕಾಡು ಅಂದ ಮಾತ್ರಕ್ಕೆ ಅದು ಕಾಡಾಗುವುದಿಲ್ಲ. ಆಗಲೇ ತೋಟವಾಗಿತ್ತು ಅಂತ ತೋರಿಸಿದರೆ ಮುಗಿಯಿತು. ತೋರಿಸುವುದಕ್ಕೆ ಕಾಗದ ಬೇಕು. 2019-20, 2020-21ರ ಪಹಣಿ ತೆಗೆಸಿ, ಬೆಳೆ ಕಾಲಂನಲ್ಲಿ ಕಾಫಿ ಅಂತ ಇದೆಯಾ ನೋಡಿ. ಕೆಲವು ಪಹಣಿಗಳಲ್ಲಿ ಅಜ್ಜನ ಕಾಲದ ಬೆಳೆಯೇ ಕುಳಿತಿರುತ್ತದೆ, ತೋಟ ನಲವತ್ತು ವರ್ಷದ್ದಾದರೂ ಸರಿ. ಹಾಗಿದ್ದರೆ ಬೇರೆ ಆಧಾರ ಹುಡುಕಬೇಕು: ಕಾಫಿ ಮಂಡಳಿಯ ನೋಂದಣಿ, ಆ ವರ್ಷಗಳಲ್ಲಿ ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್ ಕೊಟ್ಟ ರಸೀದಿ, ಬ್ಯಾಂಕಿನ ಬೆಳೆಸಾಲದ ಕಾಗದ. 2019ರ ಮಳೆಗೆ ಪರಿಹಾರ ಕೇಳಿ ಅರ್ಜಿ ಕೊಟ್ಟಿದ್ದರೆ ಅದಂತೂ ಬಂಗಾರ. ಕಾಫಿ ತೋಟಕ್ಕೆ ಹಾನಿಯಾಯಿತು ಅಂತ ಸರ್ಕಾರಕ್ಕೆ ತಾರೀಕು ಹಾಕಿ ಬರೆದ ಕಾಗದ ಅದು. ಮರ ತೆಗೆಯಲು ಸಿಕ್ಕ ಪರ್ಮಿಷನ್ ಕಾಗದವನ್ನೂ ಅದೇ ಫೈಲಿಗೆ ಸೇರಿಸಿ.

ಊರೇ ಬ್ಲ್ಯಾಕ್‌ಲಿಸ್ಟ್ ಅನ್ನುವುದು ಸುಳ್ಳು. ಈ ನಿಯಮ ನೋಡುವುದು ತಾಕು ತಾಕಿನ ಲೆಕ್ಕದಲ್ಲಿ. ದೇಶಗಳಿಗೆ ಮಾತ್ರ ಒಂದು ದರ್ಜೆ ಕೊಟ್ಟಿದ್ದಾರೆ. 2025ರ ಮೇ ತಿಂಗಳ ಪಟ್ಟಿಯಲ್ಲಿ ಭಾರತ ಕಡಿಮೆ ಅಪಾಯದ ದೇಶ. ಅಂಥ ದೇಶಗಳಿಂದ ತರಿಸುವವರಲ್ಲಿ ನೂರಕ್ಕೆ ಒಬ್ಬರನ್ನು ತಪಾಸಣೆ ಮಾಡುತ್ತಾರೆ. ಮಧ್ಯಮ ಅಪಾಯಕ್ಕೆ ಮೂವರು, ಹೆಚ್ಚಿನ ಅಪಾಯಕ್ಕೆ ಒಂಬತ್ತು. ಕಡಿಮೆ ಅಪಾಯ ಅಂದ ಮಾತ್ರಕ್ಕೆ ಗುರುತು ಹಾಕುವುದು ತಪ್ಪುವುದಿಲ್ಲ, ಕಾಗದದ ಹೊರೆ ಸ್ವಲ್ಪ ಇಳಿಯುತ್ತದೆ.

ಆದರೆ ಆ ಪುಕಾರಿನೊಳಗೆ ಒಂದು ಕಾಳು ಸತ್ಯ ಇದೆ. ಒಂದು ಕಂಟೇನರಿಗೆ 60 ಕಿಲೋದ 320 ಮೂಟೆ ಹಿಡಿಯುತ್ತದೆ, ಅಂದರೆ 19 ಟನ್ ಚಿಲ್ಲರೆ. ಸಣ್ಣ ತೋಟದ ಕಾಫಿಯಿಂದ ಅದು ತುಂಬುವುದಿಲ್ಲ. ಹತ್ತಾರು ಜನರ ಕಾಫಿ ಒಂದೇ ಕಂಟೇನರಿನಲ್ಲಿರುತ್ತದೆ. ಅದರಲ್ಲಿ ಒಬ್ಬರ ತಾಕು ನಿಯಮಕ್ಕೆ ಹೊಂದದೆ, ಅವರ ಕಾಫಿ ಯಾವುದು ಅಂತ ಬೇರ್ಪಡಿಸಲು ಆಗದಿದ್ದರೆ ಇಡೀ ಲೋಡ್ ಕೆಡುತ್ತದೆ. ದೊಡ್ಡ ತಪ್ಪಿಗೆ ಆಮದುದಾರನ ವಾರ್ಷಿಕ ವಹಿವಾಟಿನ ಶೇ 4ರಷ್ಟು, ಬೇಕಾದರೆ ಅದಕ್ಕೂ ಜಾಸ್ತಿ, ದಂಡ ಹಾಕಲು ಅವಕಾಶ ಇದೆ. ಹಾಗಾಗಿ ಆಮದುದಾರ ರಫ್ತುದಾರನನ್ನು ಹೆದರಿಸುತ್ತಾನೆ, ರಫ್ತುದಾರ ಏಜೆಂಟನನ್ನು, ಏಜೆಂಟ್ ಆ ಹುಡುಗನನ್ನು. ಹುಡುಗ ನಿಮ್ಮ ಜಗಲಿಗೆ ಬರುವಷ್ಟರಲ್ಲಿ ಅದು ಊರಿಗೇ ಬೀಳುವ ಬೆಂಕಿಯಾಗಿರುತ್ತದೆ. ಅವನ ಮೇಲೆ ಸಿಟ್ಟು ಮಾಡಬೇಡಿ.

ಈಗ ಒತ್ತುವರಿ ಎರಡು ಎಕರೆ. ಇಲ್ಲಿ ನಾನು ಸಿಹಿ ಮಾತು ಹೇಳಲಾರೆ.

1980ರ ದಶಕದ ತೋಟವಾದ್ದರಿಂದ ಅರಣ್ಯನಾಶದ ಪ್ರಶ್ನೆ ಬರುವುದಿಲ್ಲ. ಬರುವುದು ಎರಡನೇ ಷರತ್ತು, ದೇಶದ ಕಾನೂನಿನದು. ಅದರಲ್ಲಿ ಜಮೀನಿನ ಹಕ್ಕೂ ಸೇರಿದೆ. ನಿಮ್ಮ ತಂದೆ ಗಿಡ ಹಾಕಿದ್ದು ಕಂದಾಯ ಜಮೀನಿನಲ್ಲೋ, ಅರಣ್ಯ ಇಲಾಖೆ ತನ್ನದು ಅನ್ನುವ ಜಮೀನಿನಲ್ಲೋ? ಪತ್ರದಲ್ಲಿ ಬರೆದಿಲ್ಲ. ಕಂದಾಯ ಜಮೀನಾದರೆ, ಸಕ್ರಮಕ್ಕೋ ಗುತ್ತಿಗೆಗೋ ಅರ್ಜಿ ಕೊಟ್ಟಿದ್ದರೆ, ಕೈಯಲ್ಲಿ ಒಂದು ದಾರಿಯಾದರೂ ಇದೆ. ಒತ್ತುವರಿ ತೋಟಗಳನ್ನು ಗುತ್ತಿಗೆಗೆ ಕೊಡುವ ವ್ಯವಸ್ಥೆಯನ್ನು ಸರ್ಕಾರವೇ ಮಾಡಿದೆ. ಅರಣ್ಯ ಜಮೀನಾದರೆ, ಅಥವಾ ಸೆಕ್ಷನ್ 4 (ಮೀಸಲು ಅರಣ್ಯ ಮಾಡುತ್ತೇವೆ ಅಂತ ಹೊರಡಿಸಿದ ಅಧಿಸೂಚನೆ), ಡೀಮ್ಡ್ ಅರಣ್ಯ (ಅಧಿಸೂಚನೆ ಇಲ್ಲದಿದ್ದರೂ ಕಾಡು ಅಂತ ಪರಿಗಣಿಸಿದ ಜಾಗ) ಇವುಗಳ ಗೊಂದಲದಲ್ಲಿ ಸಿಕ್ಕಿದ್ದರೆ, ಆ ಕಾಫಿಯನ್ನು ಯುರೋಪಿಗೆ ಹೋಗುವ ಲೋಡಿನಲ್ಲಿ ಸೇರಿಸುವುದು ಬೇಡ. ಮೊದಲು ತಾಲ್ಲೂಕು ಸರ್ವೆ ಕಚೇರಿಯಲ್ಲಿ ಆ ಸರ್ವೆ ನಂಬರ್ ಏನು ಅನ್ನುತ್ತದೆ ನೋಡಿಸಿ. ಇದಕ್ಕೆ ನನ್ನಂಥ ಕಾಫಿಯವನಿಗಿಂತ ಕಂದಾಯ ಕಾನೂನು ಗೊತ್ತಿರುವ ವಕೀಲರೇ ಸರಿ.

ಎರಡು ಎಕರೆ ಬಿಟ್ಟು ಗುರುತು ಹಾಕಿಸಿದರೆ ಆಗುತ್ತಾ ಅಂತ ಕೇಳಿದ್ದೀರಿ. ಹಾಕಿಸಬಹುದು. ಆದರೆ ಆ ಎರಡು ಎಕರೆಯ ಹಣ್ಣು ಎಲ್ಲಿ ಒಣಗುತ್ತದೆ? ನಿಮ್ಮ ಮನೆಯಲ್ಲಿ ಒಂದೇ ಕಣ ಇರಬೇಕು. ಕುಯ್ಲಿನ ದಿನ ಸಂಜೆ ಎರಡೂ ಕಡೆಯ ಹಣ್ಣು ಅಲ್ಲಿಗೇ ಬಂದು, ಒಂದೇ ರಾಶಿಯಾಗಿ, ಒಂದೇ ಪಲಗೆಯಲ್ಲಿ ಹರಡಿಕೊಳ್ಳುತ್ತದೆ. ಆಮೇಲೆ "ಇದು ಎಂಟೂವರೆ ಎಕರೆಯದು ಮಾತ್ರ" ಅಂತ ಸಹಿ ಹಾಕಿದರೆ ಅದು ಸುಳ್ಳು ಹೇಳಿಕೆ. ಆಡಿಟ್‌ಗೆ ಬಂದವರು ಮೊದಲು ನೋಡುವುದೇ ಇಳುವರಿ. ಎಂಟೂವರೆ ಎಕರೆಗೆ ಹತ್ತೂವರೆ ಎಕರೆಯ ಕಾಫಿ ಬಂದಿದ್ದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ನಾನೇ ಎಷ್ಟೋ ಕಡೆ ಹಾಗೆ ಹಿಡಿದಿದ್ದೇನೆ, ಹಿಡಿದು ಬೇಜಾರೂ ಪಟ್ಟಿದ್ದೇನೆ. ಬೇರೆ ಮಾಡುವುದಾದರೆ ನಿಜವಾಗಿ ಬೇರೆ ಮಾಡಿ. ಬೇರೆ ದಿನ ಕುಯ್ಯಿಸಿ, ಕಣದಲ್ಲಿ ಮಧ್ಯ ಇಟ್ಟಿಗೆ ಸಾಲು ಇಡಿ, ಚೀಲಕ್ಕೆ ಬೇರೆ ಬಣ್ಣದ ದಾರ ಹಾಕಿ. ಆ ಕಾಫಿಯನ್ನು ದೇಶದೊಳಗಿನ ವ್ಯಾಪಾರಕ್ಕೋ, ಯುರೋಪಿನ ಹೊರಗೆ ಕಳಿಸುವವರಿಗೋ ಕೊಡಿ. ನಮ್ಮ ಕಾಫಿಗೆ ಇಟಲಿ, ಜರ್ಮನಿ, ಬೆಲ್ಜಿಯಂ ದೊಡ್ಡ ಗಿರಾಕಿಗಳು ನಿಜ, ಆದರೆ ಅವರೊಬ್ಬರೇ ಅಲ್ಲ. ರಷ್ಯಾ, ಟರ್ಕಿ, ಅರಬ್ ದೇಶಗಳೂ ಕೊಳ್ಳುತ್ತವೆ. ಬೆಲೆಯಲ್ಲಿ ಸ್ವಲ್ಪ ಪೆಟ್ಟು ಬೀಳಬಹುದು, ಆಳಿನ ಖರ್ಚೂ ಏರುತ್ತದೆ. ಎರಡು ಎಕರೆಗೆ ಇದೆಲ್ಲ ಗಿಟ್ಟುತ್ತದಾ ಅನ್ನುವುದನ್ನು ನೀವೇ ಲೆಕ್ಕ ಹಾಕಬೇಕು.

ಗುರುತು ಹಾಕಿದರೆ ಯುರೋಪಿನವರು ಬಂದು ಜಮೀನು ಕಿತ್ತುಕೊಳ್ಳುವುದಿಲ್ಲ. ಅವರಿಗೆ ಅಂಥ ಅಧಿಕಾರ ಎಲ್ಲಿದೆ? ಆದರೆ ಮಾಹಿತಿ ಒಮ್ಮೆ ಬರೆದಿಟ್ಟ ಮೇಲೆ ಎಲ್ಲಿಗೆ ಹೋಗುತ್ತದೆ ಅಂತ ಕೇಳುವುದು ನಿಮ್ಮ ಹಕ್ಕು. ಏಜೆಂಟ್ ಫೋನಿನಲ್ಲಿ ಬರೀ ಗುರುತು ಹಾಕಿಸಿಕೊಂಡು ಸುಮ್ಮನಾಗಬೇಡಿ. ಕಾಫಿ ಮಂಡಳಿಯವರು ಮೊಬೈಲ್ ಆ್ಯಪ್‌ನಲ್ಲಿ ಬೆಳೆಗಾರರ ನೋಂದಣಿ ಮಾಡುತ್ತಿದ್ದಾರೆ, ಅದನ್ನು ಮಾಡಿಸಿಕೊಳ್ಳಿ. ಏಜೆಂಟ್ ಏನು ಗುರುತು ಹಾಕಿದ ಅನ್ನುವುದರ ಒಂದು ಪ್ರತಿ ನಿಮ್ಮ ಹತ್ತಿರವೂ ಇರಲಿ.

ಗುರುತು ಹಾಕುವಾಗ ಒಂದು ತಮಾಷೆ ನೋಡುತ್ತೀರಿ. ನಿಯಮದಲ್ಲಿ ದಶಮಾಂಶದ ನಂತರ ಆರು ಅಂಕಿ ಬೇಕು ಅಂತಿದೆ. ಆರು ಅಂಕಿ ಅಂದರೆ ಒಂದು ಗೇಣಿಗಿಂತ ಕಮ್ಮಿ ಅಂತರ. ದೊಡ್ಡ ನಂದಿ ಮರದ ಕೆಳಗೆ ನಿಂತರೆ ನಿಮ್ಮ ಫೋನಿಗೆ ನೀವು ತೋಟದಲ್ಲಿದ್ದೀರೋ ಪಕ್ಕದ ಹಳ್ಳದಲ್ಲಿದ್ದೀರೋ ಅನ್ನುವುದೇ ಗೊತ್ತಿರುವುದಿಲ್ಲ. ನೀಲಿ ಚುಕ್ಕಿ ಹತ್ತು ಮೀಟರ್ ಆಚೆ ಈಚೆ ಕುಣಿಯುತ್ತಿರುತ್ತದೆ. ಪ್ರತಿ ಮೂಲೆಯಲ್ಲೂ ಎರಡು ನಿಮಿಷ ನಿಲ್ಲಿ, ಚುಕ್ಕಿ ನಿಂತ ಮೇಲೆ ಒತ್ತಿ. ನಾಲ್ಕು ಹೆಕ್ಟೇರಿಗಿಂತ, ಅಂದರೆ ಸುಮಾರು ಹತ್ತು ಎಕರೆಗಿಂತ, ಚಿಕ್ಕ ತಾಕಿಗೆ ಒಂದೇ ಚುಕ್ಕಿ ಸಾಕು ಅಂತ ನಿಯಮ ಹೇಳುತ್ತದೆ. ನಿಮಗೂ ಸಾಕಾಗುತ್ತಿತ್ತು. ಆದರೂ ಬೇಲಿಗುಂಟ ಸುತ್ತಿ ಗಡಿಯನ್ನೇ ಹಾಕಿಸಿ. ಯಾಕೆ ಅಂದರೆ ಕಾನು. ಒಂದೇ ಚುಕ್ಕಿ ಹಾಕಿದರೆ ಕಾಫಿ ಎಲ್ಲಿ ಮುಗಿಯಿತು, ಕಾನು ಎಲ್ಲಿ ಶುರುವಾಯಿತು ಅಂತ ತಿಳಿಯುವುದಿಲ್ಲ.

ಹಾಗಾದರೆ ಆ ಕಾನಿನ ಮಾತು. ಒಂದೂವರೆ ಎಕರೆ ಅಂದಿರಿ. ಅರ್ಧ ಹೆಕ್ಟೇರ್ ಅಂದರೆ ಒಂದು ಎಕರೆ ಒಂಬತ್ತು ಗುಂಟೆ ಚಿಲ್ಲರೆ. ನಿಮ್ಮ ಕಾನು ಅದಕ್ಕಿಂತ ದೊಡ್ಡದು. ಎತ್ತರದ ಮರಗಳಿವೆ, ಚಪ್ಪರ ಇದೆ, ಕೃಷಿ ಇಲ್ಲ. ಈ ನಿಯಮದ ಕಣ್ಣಿಗೆ ಅದು ಕಾಡು. ಪಹಣಿ ನಿಮ್ಮ ಹೆಸರಿನಲ್ಲಿದೆಯಾ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಅದರ ಕೆಳಗಿಡ ಸವರಿ ರೋಬಸ್ಟಾ ಹಾಕಿದ ದಿನ ಆ ನೆಲ ಕಾಡಿನಿಂದ ಕೃಷಿಗೆ ಬಂದಂತೆ. ಮರ ಒಂದೂ ಕಡಿಯದಿದ್ದರೂ ಅಷ್ಟೇ. ನೆರಳಿನ ಕಾಫಿ ಕಾಡಲ್ಲ, ಕೃಷಿ ಅಂತ ಹೇಳಿ ನಿಮ್ಮ ಎಂಟೂವರೆ ಎಕರೆಯನ್ನು ಕಾಪಾಡಿದ ಮಾತೇ ಇಲ್ಲಿ ನಿಮ್ಮ ವಿರುದ್ಧ ತಿರುಗುತ್ತದೆ.

ಉಪಗ್ರಹಕ್ಕೆ ಇದು ಕಾಣುವುದಿಲ್ಲವಲ್ಲ ಅಂತ ನಿಮಗೆ ಹೊಳೆದಿರಬಹುದು. ಹೌದು, ಮೊದಮೊದಲು ಕಾಣುವುದಿಲ್ಲ. ಆದರೆ ಗಿಡ ಫಸಲಿಗೆ ಬರುವಷ್ಟರಲ್ಲಿ ನೆರಳು ಜಾಸ್ತಿಯಾಯಿತು ಅಂತ ನೀವೇ ಕೊಂಬೆ ತೆಗೆಸುತ್ತೀರಿ, ಆಮೇಲೆ ಮರ. ಆಗ ಕಾಣುತ್ತದೆ. ತೋರಿಸಲು ಹಳೇ ರಸೀದಿಯೂ ಇರುವುದಿಲ್ಲ. ಆ ಒಂದೂವರೆ ಎಕರೆಯ ಹಣ್ಣೂ ಅದೇ ಕಣಕ್ಕೆ ಬರುತ್ತದೆ, ಎಂಟೂವರೆ ಎಕರೆಯ ಕಾಫಿಯನ್ನೂ ಕೆಡಿಸುತ್ತದೆ.

ಬಿಟ್ಟರೆ ನಷ್ಟ ಅಂತ ನೋಡಬೇಡಿ. ರೋಬಸ್ಟಾ ತನ್ನ ಹೂವಿನ ಪರಾಗದಿಂದ ತಾನೇ ಕಾಯಿ ಕಟ್ಟುವುದಿಲ್ಲ. ಬೇರೆ ಗಿಡದ ಪರಾಗ ಬರಬೇಕು. ತರುವುದು ಗಾಳಿ ಮತ್ತು ಜೇನು. ಮಾರ್ಚ್‌ನಲ್ಲಿ ಹೂಮಳೆ ಬಿದ್ದು ತೋಟ ಬೆಳ್ಳಗಾದ ದಿನ ನಿಮ್ಮ ತೋಟಕ್ಕೆ ಬರುವ ಹೆಜ್ಜೇನು, ತುಡುವೆ ಎಲ್ಲಿಂದ ಬರುತ್ತವೆ ಅಂತ ಒಮ್ಮೆ ನೋಡಿ. ಏನಾದರೂ ಆದಾಯ ಬೇಕೇ ಬೇಕು ಅನ್ನುವುದಾದರೆ ಕಾನಿನ ಅಂಚಿನ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿ, ಕೆಳಗಿಡ ಮುಟ್ಟದೆ. ಆ ಏಳು ಸರಕಿನ ಪಟ್ಟಿಯಲ್ಲಿ ಮೆಣಸು ಇಲ್ಲ.

ಮಗ ಹೇಳಿದ ಬೀಟೆ ವಿಷಯ ಸರಿ. ಅದು ಬೇರೆ ಕಾನೂನು. ಸೈಟಿಸ್ ಅಂತ ಒಂದು ಒಪ್ಪಂದ, ಅಳಿವಿನ ಭಯ ಇರುವ ಗಿಡ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವುದು, 1975ರಿಂದ ಜಾರಿಯಲ್ಲಿದೆ, ಭಾರತ 1976ರಲ್ಲಿ ಸೇರಿತು. ಬೀಟೆಯ ಇಡೀ ಕುಲವನ್ನೇ 2017ರ ಜನವರಿಯಿಂದ ಅದರ ಎರಡನೇ ಪಟ್ಟಿಗೆ ಸೇರಿಸಿದ್ದಾರೆ. ಆ ಮರದ ಸರಕು ದೇಶದ ಗಡಿ ದಾಟಬೇಕಾದರೆ, ಕೆಲವು ವಿನಾಯಿತಿ ಬಿಟ್ಟು, ಅನುಮತಿ ಪತ್ರ ಬೇಕು. ನಿಮ್ಮ ತೋಟದಲ್ಲಿ ನಿಂತಿರುವ ನಾಲ್ಕು ಬೀಟೆಗೂ ಕಾಫಿಗೂ ಸಂಬಂಧ ಇಲ್ಲ. ಕಡಿಯಬೇಕಾದರೆ ನಮ್ಮ ರಾಜ್ಯದ ಕಾನೂನೇ ಸಾಕಷ್ಟು ಬಿಗಿ ಇದೆ. ಆದರೆ ಈ ಎರಡು ಕಾನೂನುಗಳನ್ನು ಪಕ್ಕಪಕ್ಕ ಇಟ್ಟರೆ ನನಗೆ ಒಂದು ವಿಚಿತ್ರ ಕಾಣುತ್ತದೆ. ಸೈಟಿಸ್ ನೋಡುವುದು ಮರ ಯಾವ ಜಾತಿ ಅಂತ, ಅದು ನಿಂತಿದ್ದ ನೆಲ ಏನಾಯಿತು ಅಂತಲ್ಲ. ಯುರೋಪಿನ ಈ ನಿಯಮ ಕಾಫಿಯ ವಿಷಯದಲ್ಲಿ ನೆಲ ಏನಾಯಿತು ಅಂತ ನೋಡುತ್ತದೆ, ಮೇಲೆ ನಿಂತ ಮರ ಯಾವ ಜಾತಿ ಅಂತ ಕೇಳುವುದಿಲ್ಲ.

ಅದರಿಂದ ಏನಾಗುತ್ತದೆ ಅಂತ ನಿಮ್ಮ ತೋಟವನ್ನೇ ಇಟ್ಟುಕೊಂಡು ಹೇಳುತ್ತೇನೆ. ನೀವು ತೆಗೆಸಿದ ಮೂವತ್ತು ಮರ ಯಾವುವು ಅಂತ ಬರೆದಿಲ್ಲ. ಆ ಕಡೆಯ ತೋಟಗಳಾದ್ದರಿಂದ ಊಹಿಸಬಲ್ಲೆ: ಒಂದಷ್ಟು ಮತ್ತಿ, ನಂದಿ, ಒಂದೆರಡು ಹೆಬ್ಬಲಸು, ಅತ್ತಿ. ಆ ಜಾಗಕ್ಕೆ ಆಸ್ಟ್ರೇಲಿಯಾದ ಸಿಲ್ವರ್ ಓಕ್ ಬಂತು. ಐದಾರು ವರ್ಷದಲ್ಲಿ ಚಪ್ಪರ ಮತ್ತೆ ತುಂಬಿಕೊಳ್ಳುತ್ತದೆ, ಉಪಗ್ರಹಕ್ಕೆ ಎಲ್ಲ ಹಸಿರು, ಯುರೋಪಿಗೆ ಸಮಾಧಾನ. ಮಂಗಟ್ಟೆ ಹಕ್ಕಿಗೆ ಮಾತ್ರ ಗೂಡಿಗೆ ಹಳೇ ಮರದ ಪೊಟರೆ ಬೇಕು, ತಿನ್ನಲು ಅತ್ತಿ ಹಣ್ಣು ಬೇಕು. ಸಿಲ್ವರ್ ಓಕಿನಲ್ಲಿ ಎರಡೂ ಇಲ್ಲ. ಚಿಕ್ಕಮಗಳೂರು, ಹಾಸನ, ಕೊಡಗಿನ 61 ಎಸ್ಟೇಟ್‌ಗಳಲ್ಲಿ ನಡೆದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. 106 ಜಾತಿಯ ಹಕ್ಕಿಗಳು ಸಿಕ್ಕಿದ್ದವು, ಬಹುಪಾಲು ಕಾಡನ್ನು ನೆಚ್ಚಿಕೊಂಡವು. ರೋಬಸ್ಟಾ ತೋಟಗಳೂ ಹಕ್ಕಿಗಳ ವಿಷಯದಲ್ಲಿ ಅರೇಬಿಕಾ ತೋಟಗಳಿಗಿಂತ ಅಷ್ಟೇನೂ ಹಿಂದೆ ಬಿದ್ದಿರಲಿಲ್ಲ. ಇಷ್ಟೆಲ್ಲ ಇರುವುದು ತೋಟದ ಒಳಗೆ. ಈ ನಿಯಮ ಕಾಯುವುದು ತೋಟದ ಅಂಚನ್ನು.

ತಪ್ಪು ನಿಮ್ಮದು ಅಂತ ಹೇಳಲು ಇದನ್ನು ಬರೆಯುತ್ತಿಲ್ಲ. ನಮ್ಮ ಮರ ಸಂರಕ್ಷಣಾ ಕಾಯ್ದೆ 1976ರದು. ಅದರಲ್ಲಿ ಸಿಲ್ವರ್ ಓಕಿಗೆ ವಿನಾಯಿತಿ. ನೆಟ್ಟವನು ಯಾರನ್ನೂ ಕೇಳದೆ ಕಡಿಯಬಹುದು. ಹೊನ್ನೆಯನ್ನೋ ಮತ್ತಿಯನ್ನೋ ಕಡಿಯಬೇಕಾದರೆ ಅರ್ಜಿ, ತಪಾಸಣೆ, ಕಾಯುವುದು. ಕಾಪಾಡಲು ಮಾಡಿದ ನಿಯಮವೇ. ಆದರೆ ತೋಟದಲ್ಲಿ ಏನು ನಡೆಯುತ್ತದೆ ಗೊತ್ತಾ? ತಾನಾಗಿ ಹುಟ್ಟಿದ ಹೊನ್ನೆ ಸಸಿ ಮೊಣಕಾಲೆತ್ತರ ಇದ್ದಾಗಲೇ ಕಳೆ ಕತ್ತಿಗೆ ಹೋಗುತ್ತದೆ. ದೊಡ್ಡದಾದರೆ ತಲೆನೋವು ಅಂತ ಆಳಿಗೂ ಗೊತ್ತು, ಯಜಮಾನರಿಗೂ ಗೊತ್ತು. ಕೊಡಗಿನ ಕೆಲವು ಬಗೆಯ ಜಮೀನುಗಳಲ್ಲಂತೂ ಮರದ ಹಕ್ಕೇ ಸರ್ಕಾರದ್ದು. ತನ್ನದಲ್ಲದ ಮರವನ್ನು ಯಾರು ಸಾಕುತ್ತಾರೆ? ಯುರೋಪು ಎಷ್ಟೇ ಬಿಗಿ ಕಾನೂನು ಮಾಡಿದರೂ ಈ ಗಂಟು ಬಿಚ್ಚಬೇಕಾದ್ದು ನಮ್ಮ ವಿಧಾನಸೌಧದಲ್ಲಿ.

ಇದೆಲ್ಲ ನಮ್ಮ ಬೆಲೆ ಇಳಿಸಲು ಯುರೋಪು ಹೂಡಿದ ಆಟ ಅನ್ನುವ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ. ನಾನು ಅರ್ಧ ಒಪ್ಪುತ್ತೇನೆ. 1990ರಿಂದ 2020ರವರೆಗೆ ಜಗತ್ತು 42 ಕೋಟಿ ಹೆಕ್ಟೇರ್ ಕಾಡು ಕಳೆದುಕೊಂಡಿದೆ ಅಂತ ವಿಶ್ವಸಂಸ್ಥೆಯ ಆಹಾರ ಸಂಸ್ಥೆಯ ಲೆಕ್ಕ. ಬಹುಪಾಲು ಹೋದದ್ದು ಕೃಷಿಗೆ. ಯುರೋಪಿನ ತಟ್ಟೆಗೆ ಬೀಳುವ ಸರಕಿನಿಂದಾಗುವ ಅರಣ್ಯನಾಶದಲ್ಲಿ ತಾಳೆ ಎಣ್ಣೆ ಮತ್ತು ಸೋಯಾ ಸೇರಿ ಮೂರನೇ ಎರಡು ಭಾಗ, ಕಾಫಿ ಶೇ 7. ಅದರಲ್ಲಿ ನಮ್ಮ ನೆರಳಿನ ತೋಟಗಳ ಪಾಲು ಏನಿದ್ದೀತು! ತಾಳೆ, ಸೋಯಾ ಬೆಳೆಯುವ ಕಡೆಯ ಕಾಡು ಉಳಿಸಲು ಹೆಣೆದ ಬಲೆಯಲ್ಲಿ ನಾವೂ ಸಿಕ್ಕಿಕೊಂಡಿದ್ದೇವೆ. ಹಾಗಂತ ಕೊಳ್ಳುವ ದೇಶ ಷರತ್ತು ಹಾಕುವುದೇ ತಪ್ಪಾ? ಈ ಜಗಳ ಹಳೆಯದು. ಆಮೆ ಸಾಯಿಸದ ಬಲೆ ಬಳಸದವರ ಸಿಗಡಿ ಬೇಡ ಅಂತ ಅಮೆರಿಕ ಹೇಳಿದಾಗ ಭಾರತ, ಮಲೇಷ್ಯಾ, ಪಾಕಿಸ್ತಾನ, ಥಾಯ್ಲೆಂಡ್ ಸೇರಿ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ದಾವೆ ಹೂಡಿದವು. 1998ರಲ್ಲಿ ತೀರ್ಪು ಬಂತು: ಆಮೆ ಉಳಿಸಲು ಅಂಥ ನಿಯಮ ಮಾಡಬಹುದು, ಆದರೆ ಒಬ್ಬರ ಜೊತೆ ಮಾತಾಡಿ ಇನ್ನೊಬ್ಬರ ಮೇಲೆ ಸುಮ್ನೆ ಹೇರುವುದು ಸರಿಯಲ್ಲ. ಇವತ್ತಿಗೂ ವಾದ ನಿಂತಿರುವುದು ಅಲ್ಲೇ.

ಹೆಚ್ಚಿನ ಬೆಲೆ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಈ ನಿಯಮದಲ್ಲಿ ಬೆಳೆಗಾರನಿಗೆ ಒಂದು ಪೈಸೆಯ ಮಾತೂ ಇಲ್ಲ. ಇದು ಬಾಗಿಲಿನ ಚೀಟಿ, ಬಹುಮಾನ ಅಲ್ಲ. ನೆರಳಿಗೆ ಬೆಲೆ ಕೊಡುವ ಸರ್ಟಿಫಿಕೇಟುಗಳು ಬೇರೆ ಇವೆ. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಬರ್ಡ್ ಫ್ರೆಂಡ್ಲಿ ಅಂಥದ್ದು. ಕನಿಷ್ಠ ಶೇ 40 ನೆರಳು ಬೇಕು, ಹಲವು ಜಾತಿಯ ಮರ ಬೇಕು, ಜೊತೆಗೆ ಸಾವಯವವೂ ಆಗಿರಬೇಕು. ಎಂಟೂವರೆ ಎಕರೆಗೆ ನೀವೊಬ್ಬರೇ ಅದಕ್ಕೆ ಹೊರಟರೆ ತಪಾಸಣೆಯ ಖರ್ಚೇ ಮೈಮೇಲೆ ಬರುತ್ತದೆ. ನಾಲ್ಕಾರು ತೋಟದವರು ಸೇರಿದರೆ ಯೋಚಿಸಬಹುದು.

ಇಷ್ಟು ಹೇಳಿದ ಮೇಲೆ ನನ್ನ ಸಲಹೆ: ಗುರುತು ಹಾಕಿಸಿ. ಎಂಟೂವರೆ ಎಕರೆಗೆ ಗಡಿ ಹಾಕಿಸಿ, ಕಾನು ಹೊರಗಿರಲಿ. ಒತ್ತುವರಿಯ ವಿಷಯ ಸರ್ವೆ ಕಚೇರಿಯಿಂದ ತಿಳಿಯುವವರೆಗೆ ಆ ಕಾಫಿ ಬೇರೆ ಚೀಲದಲ್ಲಿರಲಿ. ಸಿಲ್ವರ್ ಓಕ್ ಕಿತ್ತುಹಾಕಿ ಅನ್ನುವುದಿಲ್ಲ, ಅದಕ್ಕೆ ಮೆಣಸು ಹಬ್ಬಿಸಿರಬಹುದು. ನಿಮ್ಮಲ್ಲಿ ಅರೇಬಿಕಾ ಉಳಿದಿದ್ದರೆ ಆ ಭಾಗದಲ್ಲಿ ಮಾತ್ರ ಇನ್ನು ಮೇಲೆ ನೆರಳು ಇಳಿಸಬೇಡಿ. ಬಿಸಿಲು ಬಿದ್ದ ಗಿಡಕ್ಕೇ ಬಿಳಿ ಕಾಂಡಕೊರಕ ಮೊದಲು ಬರುವುದು, ಇದನ್ನು ನಿಮ್ಮ ತಂದೆಯವರೂ ಹೇಳಿರುತ್ತಾರೆ. ಮುಂದಿನ ಸಲ ಕಳೆ ತೆಗೆಯುವಾಗ ನೀವೇ ಜೊತೆಗೆ ನಿಂತು, ಸಿಕ್ಕ ಹೊನ್ನೆ, ಹಲಸು, ಅತ್ತಿ ಸಸಿಗಳಲ್ಲಿ ಹತ್ತನ್ನು ಆರಿಸಿ ಪ್ರತಿಯೊಂದರ ಪಕ್ಕ ಗೂಟ ಹೊಡೆಸಿ, ಬಟ್ಟೆ ಚೂರು ಕಟ್ಟಿಸಿ. ಬಟ್ಟೆ ಕಂಡ ಕಡೆ ಆಳು ಕತ್ತಿ ಹಾಕುವುದಿಲ್ಲ. ಮರಗಸಿ ಶುರು ಮಾಡುವ ಹಿಂದಿನ ದಿನ ತೋಟದ ನಾಲ್ಕು ಕಡೆಯಿಂದ ಫೋಟೊ ತೆಗೆಯಿರಿ, ಮುಗಿದ ದಿನ ಮತ್ತೆ ತೆಗೆಯಿರಿ. ಎರಡನ್ನೂ ಮಗನಿಗೆ ಕಳಿಸಿಡಿ. ನಿಮ್ಮ ಫೋನ್ ಮಳೆಗೆ ಕೆಟ್ಟರೂ ಅವನ ಹತ್ತಿರ ಇರುತ್ತದೆ.